ಹಿಂದೆ ಬರುವವರ ಮೊಳೆ

ಪುಣೆಯ ವಾಕಡ್‌ನಿಂದ ಹಿಂಜವಡಿಗೆ ದಿನವೂ ಸ್ಕೂಟರ್‌ನಲ್ಲಿ ಹೋಗಿ ಬರುತ್ತೇನೆ. ಈ ಮಳೆಗಾಲದಲ್ಲಿ ನಾಲ್ಕು ಸಲ ಪಂಕ್ಚರ್ ಆಯಿತು. ನಾಲ್ಕು ಸಲವೂ ಹಿಂದಿನ ಚಕ್ರವೇ. ಎರಡು ಸಲ ಮೊಳೆ, ಒಮ್ಮೆ ತಗಡಿನ ಚೂರು, ಇನ್ನೊಮ್ಮೆ ಕಟ್ಟಡದ ಕಬ್ಬಿಣದ ಸರಳುಗಳನ್ನು ಬಿಗಿಯಲು ಬಳಸುವ ತಂತಿಯ ತುಂಡು. ನೀವು ಚೆನ್ನೈಯಲ್ಲಿರಿ, ಹೈದರಾಬಾದಿನಲ್ಲಿರಿ, ಈ ಪಟ್ಟಿ ನಿಮಗೆ ಹೊಸದಲ್ಲ.

ಹಿಂದಿನ ಚಕ್ರವೇ ಯಾಕೆ? ಪಂಕ್ಚರ್ ಅಂಗಡಿಯವರು ಹೇಳುವ ಕಾರಣ ಸರಳ. ಮೊಳೆ ಸಾಮಾನ್ಯವಾಗಿ ರಸ್ತೆಯ ಮೇಲೆ ಅಡ್ಡ ಮಲಗಿರುತ್ತದೆ. ಮುಂದಿನ ಚಕ್ರ ಅದರ ಮೇಲೆ ಹಾದಾಗ ಮೊಳೆ ಪುಟಿದು ತಲೆ ಎತ್ತುತ್ತದೆ. ಅದೇ ಗಳಿಗೆಗೆ ಹಿಂದಿನ ಚಕ್ರ ಬಂದು ಚುಚ್ಚಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಎಣ್ಣೆಯಂತೆ ಕೆಲಸ ಮಾಡುವುದರಿಂದ ಮೊಳೆ ರಬ್ಬರಿನೊಳಗೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಎಬ್ಬಿಸಿದ್ದು ಒಬ್ಬರು, ಚುಚ್ಚಿಸಿಕೊಂಡವರು ಇನ್ನೊಬ್ಬರು. ಮುಂದೆ ಹೋದವರು ಹಿಂದೆ ಬರುವವರಿಗೆ ಏನಾದರೂ ಬಾಕಿ ಇರುತ್ತಾರೆಯೇ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಇಲ್ಲಿಂದ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಏನಾದರೂ ಕೆಟ್ಟರೆ ನಾವು ಮೊದಲು ಮಾಡುವುದು ಮೂಲಕಾರಣದ ಹುಡುಕಾಟ. ಮೊಳೆ ಬೀಳಿಸಿದವರು ಯಾರು? ಹೊದಿಕೆಯಿಲ್ಲದೆ ಸಾಮಾನು ಸಾಗಿಸಿದ ಲಾರಿಯೇ, ಹಲಗೆ ಬಿಚ್ಚಿ ಮೊಳೆಗಳನ್ನು ಅಲ್ಲೇ ಬಿಟ್ಟ ಗುತ್ತಿಗೆದಾರನೇ? ಅಥವಾ ಎಲ್ಲರೂ ಗುಮಾನಿಯಿಂದ ನೋಡುವ ಪಂಕ್ಚರ್ ಅಂಗಡಿಯವನೇ? ಕಾನೂನು ಕೂಡ ಇದನ್ನೇ ಕೇಳುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅಪಾಯ ಉಂಟುಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮು 5000 ರೂಪಾಯಿವರೆಗೆ ದಂಡ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅಪಘಾತದಲ್ಲಿ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಒಂದು ತಪ್ಪು ಮಾಡಿದವರಿಗೆ, ಇನ್ನೊಂದು ಅನಾಹುತ ಆದ ಮೇಲೆ ಓಡಿ ಬಂದವರಿಗೆ. ಇವೆರಡರ ನಡುವೆ, ಮೊಳೆಯನ್ನು ಕಂಡು ಪಕ್ಕಕ್ಕೆ ಸರಿದು ಹೋದವರಿದ್ದಾರಲ್ಲ, ಅವರನ್ನು ಈ ಕಲಮುಗಳು ಏನೂ ಕೇಳುವುದಿಲ್ಲ. ರಸ್ತೆಯಲ್ಲಿ ಹೆಚ್ಚಿನವರು ಆ ಗುಂಪಿನವರೇ.

2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಶೆಲ್ಲಿಂಗ್ 1978ರ ತಮ್ಮ ಪುಸ್ತಕವೊಂದರಲ್ಲಿ ಇಂಥದ್ದೇ ಉದಾಹರಣೆ ಕೊಟ್ಟಿದ್ದಾರೆ. ರಜೆ ಮುಗಿಸಿ ಮರಳುತ್ತಿರುವ ಕಾರುಗಳ ಸಾಲು. ಯಾವುದೋ ಕಾರಿನ ಮೇಲಿಂದ ಹಾಸಿಗೆಯೊಂದು ರಸ್ತೆಗೆ ಬಿದ್ದಿದೆ. ಮೈಲುಗಟ್ಟಲೆ ವಾಹನಗಳು ಕಾದು, ಒಂದೊಂದಾಗಿ ಅದನ್ನು ಬಳಸಿಕೊಂಡು ಹೋಗುತ್ತವೆ. ಸಾಲಿನ ಹಿಂದಿರುವವರಿಗೆ ತಡೆ ಏನೆಂದೇ ಗೊತ್ತಿಲ್ಲ. ಹಾಸಿಗೆಯ ಹತ್ತಿರ ತಲುಪಿದವರು ಅದನ್ನು ಎಳೆದು ಹಾಕಬಲ್ಲರು, ಆದರೆ ಅಷ್ಟರಲ್ಲಿ ಅವರ ಕಾಯುವಿಕೆ ಮುಗಿದಿದೆ. ಎಳೆದರೆ ಅವರಿಗೆ ಇನ್ನೊಂದಿಷ್ಟು ತಡವೇ ಹೊರತು ಲಾಭವಿಲ್ಲ. ಹಾಸಿಗೆ ಅಲ್ಲೇ ಉಳಿಯುತ್ತದೆ.

ಮೊಳೆಯದೂ ಇದೇ ಲೆಕ್ಕ. ಅದನ್ನು ತೆಗೆಯುವ ಸಾಮರ್ಥ್ಯ ಇರುವುದು ಅದನ್ನು ಕಂಡವರಿಗೆ. ಕಂಡವರು ತಪ್ಪಿಸಿಕೊಂಡಾಗಿದೆ, ಅವರಿಗೆ ಅದರಿಂದ ಇನ್ನು ಆಗಬೇಕಾದ್ದೇನೂ ಇಲ್ಲ. ಇಲ್ಲಿ ಸ್ವಾರ್ಥದ ಲೆಕ್ಕ ತಾನಾಗಿ ನಿಲ್ಲುತ್ತದೆ, ದಂಡದ ಭಯವೂ ಇಲ್ಲ. ನೀತಿಗೆ ನಿಜವಾದ ಕೆಲಸ ಇರುವುದು ಇಂಥ ಜಾಗದಲ್ಲೇ ಎಂದು ನನಗೆ ತೋರುತ್ತದೆ. ದಾರಿಯ ಮೇಲಿನ ತೊಂದರೆಯ ವಸ್ತುವನ್ನು ಪಕ್ಕಕ್ಕೆ ಸರಿಸುವುದೂ ದಾನವೇ ಎಂಬ ಮಾತು ಇಸ್ಲಾಮಿನ ಹದೀಸ್ ಪರಂಪರೆಯಲ್ಲಿದೆ. ಆ ದಾನ ಪಡೆದವರಿಗೆ ತಾವು ಪಡೆದದ್ದು ಗೊತ್ತೇ ಆಗುವುದಿಲ್ಲ. ಚುಚ್ಚದ ಮೊಳೆಗೆ ಯಾರು ಕೃತಜ್ಞತೆ ಹೇಳುತ್ತಾರೆ?

ಇದಕ್ಕೆ ಆಕ್ಷೇಪ ಬರುವುದು ಸಹಜ. ರಸ್ತೆ ಗುಡಿಸಲು ಪಾಲಿಕೆ ಇದೆ, ತೆರಿಗೆ ಕಟ್ಟುತ್ತೇವೆ; ನಾವೇ ಬಗ್ಗಿ ಹೆಕ್ಕಿದರೆ ಅವರು ಇನ್ನಷ್ಟು ಆರಾಮಾಗುವುದಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಆದರೆ ಪಾಲಿಕೆಯ ಹೊಣೆ ನಾಳೆಯ ರಸ್ತೆಯದು, ಕಣ್ಣೆದುರಿನ ಮೊಳೆ ಮುಂದಿನ ಒಂದು ನಿಮಿಷದ್ದು. ದೂರು ಬರೆಯುವುದೂ ಮೊಳೆ ಹೆಕ್ಕುವುದೂ ಒಂದನ್ನೊಂದು ತಡೆಯುವುದಿಲ್ಲ. ಬೆಂಗಳೂರಿನ ಬೆನೆಡಿಕ್ಟ್ ಜೆಬಕುಮಾರ್ ಎಂಬ ಇಂಜಿನಿಯರ್ 2014ರಿಂದ ಹೊರವರ್ತುಲ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತ, ಕೋಲಿಗೆ ಅಯಸ್ಕಾಂತ ಕಟ್ಟಿ ಮೊಳೆ ಹೆಕ್ಕಿದರು. ಹತ್ತಾರು ಕಿಲೋ ಸೇರಿದ ಮೇಲೆ ಪತ್ರಿಕೆಗಳು ಬರೆದವು, ಅಧಿಕಾರಿಗಳೂ ಅತ್ತ ತಿರುಗಿ ನೋಡಬೇಕಾಯಿತು. ನೂರು ದೂರುಗಳಿಗಿಂತ ತಕ್ಕಡಿಯ ಮೇಲಿನ ಕಬ್ಬಿಣ ಗಟ್ಟಿಯಾಗಿ ಮಾತಾಡಿತು.

ನಮ್ಮಂಥವರಿಗೆ ಇನ್ನೊಂದು ದಾರಿಯೂ ಇದೆ, ದುಡ್ಡು ಕೊಟ್ಟು ಸಮಸ್ಯೆಯಿಂದ ಹೊರಬರುವುದು. ಟ್ಯೂಬ್‌ಲೆಸ್ ಟೈರ್, ಒಳಗೆ ಸೀಲೆಂಟ್, ಡಿಕ್ಕಿಯಲ್ಲಿ ಗಾಳಿ ತುಂಬುವ ಪಂಪು. ಇವೆಲ್ಲ ನನ್ನ ಬಳಿಯೂ ಇವೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಬಂದವರು ಮೊಳೆಯನ್ನು ಮರೆತುಬಿಡುತ್ತಾರೆ, ಅಪಾಯ ಇರುವುದು ಇಲ್ಲಿ. ವಾಹನಗಳ ಓಟಕ್ಕೆ ಕಸವೆಲ್ಲ ರಸ್ತೆಯ ಅಂಚಿಗೆ ಸರಿಯುತ್ತದೆ. ಅಂಚಿನಲ್ಲಿ ಹೋಗುವವರು ಸೈಕಲ್ಲಿನವರು, ಹಳೆಯ ಬೈಕಿನವರು, ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡ ಡೆಲಿವರಿ ಹುಡುಗರು. ನನಗೆ ಪಂಕ್ಚರ್ ಆದರೆ ಬೆಳಗಿನ ಮೀಟಿಂಗಿಗೆ ಮೊಬೈಲಿನಿಂದಲೇ ಸೇರಿಕೊಳ್ಳುತ್ತೇನೆ. ಟ್ಯೂಬ್ ಟೈರಿನ ಹುಡುಗನ ಗಾಳಿ ಒಮ್ಮೆಲೇ ಹೋಗುತ್ತದೆ. ಓಟದಲ್ಲಿದ್ದರೆ ಗಾಡಿ ಓಲಾಡಿ ಬೀಳಬಹುದು. ಬೀಳದಿದ್ದರೂ ಗಾಡಿ ತಳ್ಳುತ್ತ ಆ ಹೊತ್ತಿನ ಆರ್ಡರು, ಆ ಹೊತ್ತಿನ ಸಂಪಾದನೆ ಕಳೆದುಕೊಳ್ಳುತ್ತಾನೆ. ಮೊಳೆ ಒಂದೇ, ಚುಚ್ಚುವ ಆಳ ಬೇರೆ ಬೇರೆ.

ದಾರಿಯಲ್ಲಿ ಹಿಂದೆ ಬರುವವರನ್ನು ನೆನೆಯುವುದು ನಮ್ಮ ಕಡೆ ಹೊಸ ವಿಚಾರವೇನಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಹುಲಿಕಲ್‌ನಿಂದ ಕುದೂರಿನ ಕಡೆಗಿನ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಕೊಡಗಳಲ್ಲಿ ನೀರು ಹೊತ್ತು ಆಲದ ಸಸಿಗಳನ್ನು ಬೆಳೆಸಿದರು. ನೆರಳು ಯಾರಿಗೆ ಸಿಗುತ್ತದೆಂದು ಅವರು ಕೇಳಲಿಲ್ಲ. ಅಷ್ಟು ದೊಡ್ಡ ಕೆಲಸ ಎಲ್ಲರಿಂದ ಆಗದು. ಮೊಳೆ ಹೆಕ್ಕುವುದು ಅದರ ತೀರ ಸಣ್ಣ ತಮ್ಮ.

ಮಿತಿಯನ್ನೂ ಹೇಳಬೇಕು. ಹೆದ್ದಾರಿಯ ನಡುವೆ ಗಾಡಿ ನಿಲ್ಲಿಸಿ ಬಗ್ಗುವುದು ನೀತಿಯಲ್ಲ, ಹುಚ್ಚು. ಅಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ಸಿಗ್ನಲ್ಲಿನಲ್ಲಿ ಕಾಲಬಳಿ ಕಂಡದ್ದು, ಪಾರ್ಕಿಂಗಿನ ಇಳಿಜಾರಿನಲ್ಲಿ ಬಿದ್ದದ್ದು, ಟೀ ಅಂಗಡಿಯ ಮುಂದೆ ಮಿನುಗುವುದು ನಮ್ಮ ಅಳವಿನೊಳಗೇ ಇವೆ.

ನಮ್ಮ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಹಳೆಯ ಬಣ್ಣದ ಡಬ್ಬಿಯೊಂದಿದೆ. ಟೈರಿನಿಂದ ಕಿತ್ತದ್ದೆಲ್ಲ ಅದಕ್ಕೆ ಬೀಳುತ್ತದೆ. ತುಂಬಿದಾಗ ಗುಜರಿಗೆ ಹಾಕುತ್ತಾನಂತೆ. ಅದರಿಂದ ಎಷ್ಟು ಸಿಗುತ್ತದೆ ಎಂದು ಕೇಳಿದ್ದಕ್ಕೆ ನಕ್ಕ: "ಚಹಾಕ್ಕೂ ಸಾಲದು ಸಾರ್. ಹಾಗಂತ ರಸ್ತೆಗೆ ಎಸೆಯೋಕಾಗುತ್ತಾ?"