ಬಡತನವು ಅಪರಾಧವೇ?

ಶಿಶುವು ಯಾರ ಸ್ವತ್ತು? ತಂದೆತಾಯಿಗಳದೆಂದು ಲೋಕವು ಹೇಳುವುದು. ಆದರೆ ಗರ್ಭಸ್ಥ ಶಿಶುವಿಗೇ ಲಿಂಗಧಾರಣೆಯನ್ನು ವಿಧಿಸಿದ ನಮ್ಮ ಸಂಪ್ರದಾಯವು ಬೇರೊಂದು ಉತ್ತರವನ್ನು ಸೂಚಿಸುತ್ತದೆ. ಹುಟ್ಟುವ ಮೊದಲೇ ಪೂಜ್ಯತೆಯನ್ನು ಪಡೆದ ಜೀವಕ್ಕೆ ತಂದೆತಾಯಿಗಳು ಪಾಲಕರೇ ಹೊರತು ಒಡೆಯರಲ್ಲ. ಹಾಗಾದರೆ ಪಾಲಕರ ಕೈ ಸೋತಾಗ ಸಮಾಜವು ಮಾಡತಕ್ಕದ್ದೇನು? ಮಗುವನ್ನು ಕಸಿದುಕೊಳ್ಳಬೇಕೇ, ಸೋತ ಕೈಗೆ ಬಲವನ್ನು ತುಂಬಬೇಕೇ?

ಈ ಪ್ರಶ್ನೆಯು ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ ದಿನನಿತ್ಯದ್ದಾಗಿದೆ. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ, ತಲೆಮಾರುಗಳಿಂದ ಅವನ್ನೇ ನಂಬಿದ್ದ ಮನೆಗಳ ಅನ್ನದ ದಾರಿಯು ಬೆಂಗಳೂರಿನತ್ತ ತಿರುಗಿತು. ಇಂದಿಗೂ ಸಹಸ್ರಾರು ಮಂದಿ ನಸುಕಿನಲ್ಲಿಯೇ ಮಾರಿಕುಪ್ಪಂ, ಊರ್ಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ದುಡಿಯಹೋಗಿ, ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ತಂದೆತಾಯಿಗಳಿಬ್ಬರೂ ಹೀಗೆ ಹೋದ ಮನೆಯಲ್ಲಿ ಅಜ್ಜಿಯಿದ್ದರೆ ಪುಣ್ಯ. ಇಲ್ಲದಿದ್ದರೆ ಹತ್ತು ವರ್ಷದ ಅಕ್ಕನೇ ತಾಯಿ. ಇದನ್ನು ಕಂಡು ಹೊಣೆಗೇಡಿಗಳೆಂದು ಜರೆಯುವುದು ಸುಲಭ. ಅದು ಅಲಕ್ಷ್ಯವೋ ಅನಿವಾರ್ಯವೋ ಎಂದು ವಿವೇಚಿಸದೆ ತೀರ್ಪು ಕೊಡುವುದು ಅಧರ್ಮ.

ರಾಜ್ಯಶಾಸನವೂ ಈ ವಿವೇಚನೆಯನ್ನೇ ಬಯಸುತ್ತದೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದೆಂದೂ, ಪಾಲನಾಲಯಕ್ಕೆ ಸೇರಿಸುವುದು ಕಟ್ಟಕಡೆಯ ಉಪಾಯವೆಂದೂ 2015ರ ಬಾಲನ್ಯಾಯ ಕಾಯಿದೆಯು ಸಾರುತ್ತದೆ. ಕಷ್ಟ ತಾಳಲಾರದೆ ಮಗುವನ್ನು ಒಪ್ಪಿಸಬಂದ ತಾಯಿಗೂ ಪುನರಾಲೋಚನೆಗೆಂದು 2 ತಿಂಗಳ ಅವಧಿಯುಂಟು. ವಿಧವೆಯರ ಮಕ್ಕಳು, ಕಠಿಣ ರೋಗದಿಂದ ನರಳುವವರ ಮಕ್ಕಳು ಮೊದಲಾದವರು ಮನೆಯಲ್ಲಿಯೇ ಬೆಳೆಯಲೆಂದು ಮಿಷನ್ ವಾತ್ಸಲ್ಯ ಯೋಜನೆಯು ತಿಂಗಳಿಗೆ 4000 ರೂಪಾಯಿಗಳ ಪ್ರಾಯೋಜಕತ್ವದ ನೆರವನ್ನಿತ್ತಿದೆ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿಗಳಿರುವುದು ಇದಕ್ಕಾಗಿಯೂ ಹೌದು. ಆದರೂ ಅವುಗಳ ಹೆಸರು ಕೇಳಿದೊಡನೆ ಬಡವರು ಮಗು ಕೈತಪ್ಪಿತೆಂದು ನಡುಗುವರು. ನೆರವು ಬೇಕಾದವರೇ ನೆರವಿಗೆ ಅಂಜಿ ಅಡಗುವರು.

ಹಾಗೆಂದು ಮನೆಯ ಗುಟ್ಟು ಮನೆಯೊಳಗೇ ಇರಲೆಂಬ ಮಾತು ಎಲ್ಲೆಡೆಯೂ ಸಲ್ಲದು. ಹೊಡೆತ, ದುರಾಚಾರ, ಬಾಲ್ಯವಿವಾಹ, ಜೀತಗಳಿರುವಲ್ಲಿ ಮಗುವನ್ನು ಮೊದಲು ಪಾರುಮಾಡಬೇಕು. ಮನೆತನದ ಮರ್ಯಾದೆಯು ಅದರ ಕಣ್ಣೀರಿಗಿಂತ ದೊಡ್ಡದಲ್ಲ. ಅಂತಹ ಮಗುವನ್ನು ಕಂಡವರು 1098ಕ್ಕೆ ದೂರವಾಣಿ ಮಾಡಿ ತಿಳಿಸುವುದು ಚಾಡಿಯೆನಿಸದು, ಅದು ಕರ್ತವ್ಯ. ಕ್ರೌರ್ಯವಿರುವಲ್ಲಿ ತಡೆ, ಕೊರತೆಯಿರುವಲ್ಲಿ ಆಸರೆ: ಇವೆರಡನ್ನೂ ಬೇರ್ಪಡಿಸಿ ಕಾಣುವುದೇ ಅಧಿಕಾರಿಗಳ ನಿಜವಾದ ಪರೀಕ್ಷೆ.

ಇನ್ನು ಗೃಹಸ್ಥರಾದ ನಮ್ಮ ಪಾಲಿನದೇನು? ಸಮಿತಿಯು ಆಜ್ಞೆ ಮಾಡಬಲ್ಲುದು, ಹಣ ಕೊಡಿಸಬಲ್ಲುದು. ಸಂಜೆಯ ಹೊತ್ತು ಮಗುವಿನ ತಟ್ಟೆಗೆ ಮುದ್ದೆ ಬಡಿಸಲಾರದು. ತಾಯಿಯ ರೈಲು ಬರುವವರೆಗೆ ನೆರೆಯ ಮಗುವನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಓದಿಸುವುದು, ನೆರವಿನ ಅರ್ಜಿಯನ್ನು ಬರೆದುಕೊಡುವುದು, ಅಂಜುವ ತಾಯಿಯೊಡನೆ ಕಚೇರಿಯವರೆಗೆ ನಡೆಯುವುದು ಇವೂ ದಾಸೋಹವೇ. ಕೊಟ್ಟೆನೆಂಬ ಅಹಂಕಾರವಿಲ್ಲದೆ ಇಷ್ಟನ್ನು ಮಾಡಿದಲ್ಲಿ ಎಷ್ಟೋ ಮನೆಗಳು ಒಡೆಯದೆ ಉಳಿದಾವು.