ನಮ್ಮ ಗಮನವು ಯಾರದು?

ಒಬ್ಬನ ಗಮನವು ಅವನೊಬ್ಬನದೇ ಸೊತ್ತೋ, ಇಲ್ಲವೆ ಅವನ ಸಂಗಡ ಬಾಳುವವರಿಗೂ ಅದರಲ್ಲಿ ಪಾಲುಂಟೋ ಎಂಬದನ್ನು ನಾವು ವಿಚಾರಿಸುವದು ಯುಕ್ತ.

ಚನ್ನಪಟ್ಟಣದ ಆಟಿಕೆಯ ಕೆಲಸಗಾರನನ್ನು ನೋಡಿರಿ. ತಿರುಗುವ ಆಲೆಮರದ ತುಂಡಿಗೆ ಅವನು ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾನೆ. ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕಣ್ಣು ಅತ್ತಿತ್ತ ಹೋದರೆ ಬಣ್ಣ ಕೆಡುವದು. ಆದರೆ ಅವನ ಯಂತ್ರವು ತಿರುಗುವದೊಂದನ್ನೇ ಬಲ್ಲದು. ಅವನನ್ನು ಬೇರೆ ಕಡೆಗೆ ಕರೆಯದು. ನಮ್ಮ ಕೈಯ ಮೊಬೈಲಾದರೋ ಒಂದು ಕೆಲಸಕ್ಕೆಂದು ತೆರೆದವರನ್ನು ಹತ್ತು ಕಡೆಗೆ ಸೆಳೆಯುವದು.

ಹಾಗಾದರೆ ಅದನ್ನು ಎಸೆದುಬಿಡೋಣವೇ? ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಇ-ಹರಾಜು ನಡೆಯುತ್ತದೆ. ಹಣವು ಬ್ಯಾಂಕಿನ ಖಾತೆಗೆ ಬರುತ್ತದೆ. ಮಾಗಡಿ, ಕನಕಪುರಗಳ ರೈತನಿಗೂ ಫೋನು ಬೇಕೇ ಬೇಕು. ಆದಕಾರಣ ಅದನ್ನು ಕೆಲಸದ ಅಳತೆಗೆ ಕುಗ್ಗಿಸುವದೇ ವಿವೇಕ. ಬರೀ ಮಾತಿಗೆ ಗುಂಡಿಯ ಫೋನು ಸಾಕು. ದೊಡ್ಡ ಫೋನೋ ಕಂಪ್ಯೂಟರೋ ಉಳ್ಳವರು ಬೇಡದ ಆ್ಯಪುಗಳನ್ನು ತೆಗೆದು, ಇಂಟರ್‌ನೆಟ್ಟನ್ನು ನಿಲ್ಲಿಸಿ, ಲೆಕ್ಕಪತ್ರಗಳನ್ನು ಬರೆದು ಮುಗಿಸಲಿ. ಕಳುಹಿಸುವದಕ್ಕೆ ಮಾತ್ರ ಅದನ್ನು ತೆರೆಯಲಿ.

ಒಬ್ಬನಿಗೆ ಕಷ್ಟವಾದದ್ದು ಊರೆಲ್ಲಾ ಕೂಡಿದರೆ ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯವರು 2022ರಲ್ಲಿ, ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ತಾಸು ಟಿ.ವಿ., ಮೊಬೈಲುಗಳನ್ನು ಆರಿಸುವ ನಿಯಮವನ್ನು ಮಾಡಿಕೊಂಡರು.

ಮಗುವು ಮಾತಾಡುವಾಗ ತಂದೆಯ ಕಣ್ಣು ಪರದೆಯ ಮೇಲಿದ್ದರೆ, ಮಗುವಿಗೆ ಸಲ್ಲತಕ್ಕ ಪಾಲನ್ನು ಗುರುತಿಲ್ಲದವರಿಗೆ ಕೊಟ್ಟಂತಾಯಿತು. ಇದು ಅನ್ಯಾಯವಲ್ಲವೇ? ಈ ಸಂಜೆಯಿಂದಲಾದರೂ ಆ ಪಾಲನ್ನು ಅವರವರಿಗೆ ಸಲ್ಲಿಸೋಣ.