ಮೂರು ದಿನಗಳ ರೋಮ್

ಕೋಗಿಲು, ಯಲಹಂಕ, ಹೆಬ್ಬಾಳಗಳ ನಿವಾಸಿಗಳಿಗೆ ವಿಮಾನವೆಂಬುದು ಈಗ ಬೆರಗಿನ ವಸ್ತುವಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆಯುವವರೆಗೂ ಕೋಗಿಲಿನವರು ಪರದೇಶಕ್ಕೆ ಹೊರಡಬೇಕಾದರೆ ಬೆಂಗಳೂರನ್ನು ಅಡ್ಡವಾಗಿ ದಾಟಿ ಹಳೆಯ ಎಚ್.ಎ.ಎಲ್. ನಿಲ್ದಾಣವನ್ನು ಸೇರಬೇಕಾಗಿತ್ತು. ಇಂದು ಕೋಗಿಲು ಕ್ರಾಸಿನಲ್ಲಿ ಬಳ್ಳಾರಿ ರಸ್ತೆಗೆ ತಿರುಗಿಕೊಂಡರೆ ಮುಗಿಯಿತು. ದೂರದ ಊರುಗಳು ಹತ್ತಿರವಾದಂತೆ ಆಸೆಗಳೂ ಹತ್ತಿರವಾಗಿವೆ. ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವವರ ನಡುವೆ ರೋಮಿನ ಹೆಸರು ಈಗ ಆಗಾಗ ಕೇಳಿಬರುತ್ತದೆ. 2024ರ ಡಿಸೆಂಬರ್ 24ರಂದು ತೆರೆದ ಜೂಬಿಲಿ ವರ್ಷದ ಪವಿತ್ರ ದ್ವಾರ 2026ರ ಜನವರಿ 6ರಂದು ಮುಚ್ಚಿತು. ಆಗ ಹೋಗಿಬಂದವರ ಮಾತು ಕೇಳಿ, ಹೋಗಲಾಗದವರು ಈಗ ಲೆಕ್ಕ ಹಾಕುತ್ತಿದ್ದಾರೆ.

ನೀವೂ ಅವರಲ್ಲೊಬ್ಬರೆಂದು ಭಾವಿಸೋಣ. ಮನೆಯಲ್ಲಿ ನಾಲ್ವರು: ನೀವು, ನಿಮ್ಮ ಬಾಳಸಂಗಾತಿ, ಕಾಲೇಜಿಗೆ ಹೋಗುವ ಮಗಳು, ಮಂಡಿನೋವಿನಿಂದ ಬಳಲುವ ತಾಯಿ. ಕಚೇರಿಯಲ್ಲಿ ದೊರೆಯುವ ರಜೆಯಲ್ಲಿ ಹೋಗುವ ಬರುವ ದಿನಗಳನ್ನು ಕಳೆದರೆ ರೋಮಿಗೆ ಉಳಿಯುವುದು ಮೂರೇ ದಿನ. ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿ ನೀವು ಬರೆಯತೊಡಗುತ್ತೀರಿ. ಸಂತ ಪೇತ್ರರ ಮಹಾದೇವಾಲಯ, ವತಿಕಾನದ ವಸ್ತುಸಂಗ್ರಹಾಲಯ, ಕೊಲೋಸಿಯಂ, ಪ್ಯಾಂಥಿಯನ್, ತ್ರೇವಿ ಕಾರಂಜಿ, ಭೂಗತ ಸಮಾಧಿಗಳು, ಪೋಪ್ ಫ್ರಾನ್ಸಿಸ್‌ರನ್ನು 2025ರ ಏಪ್ರಿಲ್‌ನಲ್ಲಿ ಸಮಾಧಿ ಮಾಡಿದ ಸಂತ ಮರಿಯಮ್ಮನವರ ಮಹಾದೇವಾಲಯ. ಹಾಳೆ ತುಂಬುತ್ತದೆ. ಮೂರು ದಿನಗಳು ತುಂಬಿ ತುಳುಕುತ್ತವೆ.

ವೀಸಾಕ್ಕೂ ಅಂಥ ಪಟ್ಟಿ ಬೇಕು. ಯಾವ ದಿನ ಎಲ್ಲಿ ತಂಗುವಿರಿ, ಖರ್ಚಿಗೆ ಹಣ ಎಲ್ಲಿಂದ, ಹಿಂದಿರುಗುವ ಟಿಕೆಟ್ ಎಲ್ಲಿ, ಕನಿಷ್ಠ 30,000 ಯೂರೋಗಳ ವಿಮೆ ಮಾಡಿಸಿದ್ದೀರಾ ಎಂದು ಆ ಕಡೆಯವರು ಕೇಳುತ್ತಾರೆ. ವಯಸ್ಕರೊಬ್ಬರಿಗೆ ಶುಲ್ಕ 90 ಯೂರೋ ಆಗಿರುವುದರಿಂದ ನಾಲ್ವರಿಗೆ 360 ಯೂರೋ ಅಲ್ಲಿಯೇ ಸಂದಾಯವಾಗುತ್ತದೆ, ಅದೂ ವೀಸಾ ದೊರೆಯುವುದೆಂಬ ಭರವಸೆಯಿಲ್ಲದೆ. ಮನುಷ್ಯನು ತನ್ನ ಆಯುಷ್ಯದ ಬೇರಾವ ಮೂರು ದಿನಗಳನ್ನೂ ಇಷ್ಟು ಸೂಕ್ಷ್ಮವಾಗಿ ಲೆಕ್ಕವಿಡುವುದಿಲ್ಲ. ಆದ್ದರಿಂದಲೇ ಈ ಹಾಳೆಯ ಮುಂದೆ ಕುಳಿತಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಯುಕ್ತ. ಮೂರು ದಿನಗಳ ಅತಿಥಿಯಾಗಿ ಹೋಗಿ, ಎರಡೂಮುಕ್ಕಾಲು ಸಾವಿರ ವರ್ಷಗಳ ನಗರವೊಂದನ್ನು "ನೋಡಿ ಬಂದೆ" ಎನ್ನುವ ಹಕ್ಕು ನಮಗೆ ಹೇಗೆ ಬರುತ್ತದೆ?

ಇದಕ್ಕೆ ಮೊದಲು ಹಣದ ಆಕ್ಷೇಪವೊಂದಿದೆ. ಅಷ್ಟು ಹಣವನ್ನು ಬಡವರಿಗೆ ಕೊಡಬಹುದಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಥಾನಿಯದಲ್ಲಿ ಪರಿಮಳ ತೈಲದ ಭರಣಿ ಒಡೆದಾಗಲೂ ಇದೇ ಪ್ರಶ್ನೆ ಎದ್ದಿತ್ತೆಂಬುದು ನಿಮಗೆ ಗೊತ್ತು. ಆಕ್ಷೇಪ ಸುಳ್ಳಲ್ಲ, ಅದನ್ನು ಕೇಳಿದವರ ಬಾಯಿ ಮುಚ್ಚಿಸಲು ಸುವಾರ್ತೆಯನ್ನು ಬಳಸುವುದೂ ಸರಿಯಲ್ಲ. ಆದರೆ ನನ್ನ ಮಟ್ಟಿಗೆ ಹೇಳುವುದಾದರೆ, ಹಣ ಖರ್ಚು ಮಾಡಿ ನಿಜವಾಗಿ ಏನನ್ನಾದರೂ ಕಂಡವನಿಗಿಂತ, ಅಷ್ಟೇ ಖರ್ಚು ಮಾಡಿ ಏನನ್ನೂ ಕಾಣದೆ ಬಂದವನ ದುಂದುಗಾರಿಕೆ ದೊಡ್ಡದು.

ನಮ್ಮ ಕನ್ನಡದಲ್ಲಿ ಕಣ್ಣಿನ ಕೆಲಸಕ್ಕೆ ಎರಡು ಮಾತುಗಳಿವೆ: ನೋಡುವುದು ಮತ್ತು ಕಾಣುವುದು. ನೋಡುವುದು ನಮ್ಮ ಪ್ರಯತ್ನ. ತಲೆ ತಿರುಗಿಸಿ, ಕಣ್ಣು ತೆರೆದು ನಾವು ನೋಡುತ್ತೇವೆ. ಕಾಣುವುದು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ. "ಎಷ್ಟು ನೋಡಿದರೂ ಕಾಣಲಿಲ್ಲ" ಎಂದು ನಾವು ದಿನವೂ ಹೇಳುತ್ತೇವೆ; "ನನಗೆ ಕಂಡಿತು" ಎಂದಾಗ ವಸ್ತುವೇ ನಮ್ಮತ್ತ ಬಂದಂತಿರುತ್ತದೆ. ನಿಮ್ಮ ಹಾಳೆಯಲ್ಲಿರುವುದೆಲ್ಲ ನೋಡುವ ಪಟ್ಟಿ. ಕಾಣುವುದಕ್ಕೆ ಅದರಲ್ಲಿ ಜಾಗವಿದೆಯೇ ಎಂಬುದೇ ವಿಚಾರ.

ಕೊಲೋಸಿಯಮ್ಮನ್ನೇ ತೆಗೆದುಕೊಳ್ಳಿ. ಕ್ರಿ.ಶ. 80ರಲ್ಲಿ ತೀತುಸ್ ಚಕ್ರವರ್ತಿ ಉದ್ಘಾಟಿಸಿದ ಆ ಕಟ್ಟಡದ ಮುಂದೆ ಜನ ಗೋಡೆಗೆ ಬೆನ್ನು ಮಾಡಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ತೀತುಸನ ವಿಜಯ ಕಮಾನು ಇದೆ. ಅದರ ಒಳಮೈಯಲ್ಲಿ ರೋಮನ್ ಸೈನಿಕರು ಏಳು ಕವಲಿನ ದೀಪಸ್ತಂಭವನ್ನು ಹೊತ್ತು ಸಾಗುವ ಉಬ್ಬುಚಿತ್ರವಿದೆ. ಅದು ಜೆರುಸಲೇಮಿನ ದೇವಾಲಯದ ದೀಪಸ್ತಂಭ. ಆ ದೇವಾಲಯ ಕ್ರಿ.ಶ. 70ರಲ್ಲಿ ಸುಟ್ಟು ನೆಲಸಮವಾಯಿತು. ಕೊಲೋಸಿಯಂ ಕಟ್ಟಲು ಯುದ್ಧದ ಕೊಳ್ಳೆಯನ್ನು ಬಳಸಿದರೆಂದು ವಿದ್ವಾಂಸರು ಹೇಳುತ್ತಾರೆ. ಕಮಾನಿನ ಕೆಳಗೆ ಕಾಲು ಗಂಟೆ ನಿಂತವನಿಗೆ ಆ ಎರಡು ಕಟ್ಟಡಗಳು ಒಂದೇ ಕಥೆಯ ಎರಡು ಪುಟಗಳೆಂದು ಕಾಣುತ್ತವೆ. ಒಂದು ಊರಿನ ಉತ್ಸವ ಇನ್ನೊಂದು ಊರಿನ ಗೋಳಿನ ಮೇಲೆ ನಿಂತಿರುತ್ತದೆ ಎಂಬುದನ್ನು ಯಾವ ಮಾರ್ಗದರ್ಶಿಯೂ ಅಷ್ಟು ಸ್ಪಷ್ಟವಾಗಿ ಹೇಳಲಾರ. ಆದರೆ ಅಂದು ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಸ್ಥಳಗಳನ್ನು ಮುಗಿಸಬೇಕಾದವನಿಗೆ ಆ ಕಾಲು ಗಂಟೆ ಎಲ್ಲಿಂದ ಬರಬೇಕು?

ಸ್ವಲ್ಪ ಕಾಲ ತಂಗುವ ಪರದೇಶಿ ಏನನ್ನಾದರೂ ನಿಜವಾಗಿ ಕಾಣಬಲ್ಲನೇ ಎಂಬುದಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಹುಡುಕಬಹುದು. ಅದಕ್ಕಾಗಿ ಪ್ರಯಾಣದ ದಿಕ್ಕನ್ನು ತಿರುಗಿಸಬೇಕು. ರೋಮಿನಲ್ಲಿ 1586ರಲ್ಲಿ ಹುಟ್ಟಿದ ಪಿಯೆತ್ರೊ ದೆಲ್ಲ ವಲ್ಲೆ ಎಂಬವನು 1614ರಲ್ಲಿ ವೆನಿಸಿನಿಂದ ಹೊರಟು, ತುರ್ಕಿ, ಈಜಿಪ್ಟ್, ಪವಿತ್ರ ನಾಡು, ಪರ್ಷಿಯಾಗಳನ್ನು ಸುತ್ತಿ, 1623ರಲ್ಲಿ ಕನ್ನಡ ನೆಲಕ್ಕೆ ಬಂದ. ತನ್ನನ್ನು ತಾನು ಯಾತ್ರಿಕನೆಂದೇ ಕರೆದುಕೊಂಡವನು. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಗೂಡಿ ಘಟ್ಟ ಹತ್ತಿದ. ಇಕ್ಕೇರಿಯಲ್ಲಿದ್ದುದು ಕೆಲವೇ ವಾರಗಳು. ಅಲ್ಲಿಂದ ಕರಾವಳಿಗಿಳಿದು ಉಳ್ಳಾಲದ ರಾಣಿಯನ್ನೂ ಕಂಡ. ಬರಿಗಾಲಲ್ಲಿ ನಿಂತು ಕಾಲುವೆ ಅಗೆತದ ಕೆಲಸ ನೋಡಿಕೊಳ್ಳುತ್ತಿದ್ದ ಆಕೆಯೊಡನೆ ಬಯಲಲ್ಲಿಯೇ ಮಾತನಾಡಿದ.

ಅವನ ಪತ್ರಗಳಲ್ಲಿ ಅರಮನೆಯೂ ಉಂಟು, ಮೆರವಣಿಗೆಯೂ ಉಂಟು. ಆದರೆ ಇಂದಿಗೂ ಜನ ನೆನೆಯುವ ಭಾಗ ಬೇರೆ. ಇಕ್ಕೇರಿಯ ದಾರಿಯಲ್ಲಿ ಒಂದೆಡೆ ಹೊರೆಗಳನ್ನು ಸಜ್ಜುಗೊಳಿಸುವುದು ತಡವಾಯಿತು. ಬೇರೆ ಕೆಲಸವಿಲ್ಲದ ಅವನು ದೇವಸ್ಥಾನದ ಮುಖಮಂಟಪದಲ್ಲಿ ನಿಂತ. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರುಗಳಿಲ್ಲ, ಹಾಳೆಯಿಲ್ಲ, ಲೇಖನಿಯಿಲ್ಲ. ನೆಲದ ಮೇಲೆ ನಯವಾದ ಮರಳು ಹರಡಿ, ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಅಂಕಿ ಬರೆಯುತ್ತಿದ್ದ. ಉಳಿದವರು ಅದನ್ನೇ ಹಾಡಿ ಬರೆಯುತ್ತಿದ್ದರು. ನೆಲ ತುಂಬಿದಾಗ ಮತ್ತೆ ಮರಳು ಹರಡುವುದು. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರಿಸಿದರು. ಕಾಯುವ ಹೊತ್ತಿನಲ್ಲಿ, ಯೋಜನೆಯಲ್ಲಿಲ್ಲದ ಸ್ಥಳದಲ್ಲಿ, ಮಕ್ಕಳೊಡನೆ ಮಾತನಾಡಿದ್ದರಿಂದ ಹದಿನೇಳನೆಯ ಶತಮಾನದ ಕನ್ನಡನಾಡಿನ ಮಕ್ಕಳ ಕಲಿಕೆಯ ಒಂದು ಚಿತ್ರ ನಮಗೆ ಉಳಿಯಿತು.

ಇನ್ನೊಂದು ಭೇಟಿ ಅಷ್ಟು ಸುಖದ್ದಲ್ಲ. ಇಕ್ಕೇರಿಯಲ್ಲಿ ಗಂಡ ತೀರಿಹೋದ, ಸಹಗಮನಕ್ಕೆ ನಿಶ್ಚಯಿಸಿದ್ದ ಹೆಣ್ಣುಮಗಳೊಬ್ಬಳ ಮನೆಗೆ ಅವನು ಹೋದ. ಅವನು ಬರೆದಿಟ್ಟ ಹೆಸರನ್ನು ನಾವು ಜಕ್ಕಮ್ಮ ಎಂದು ಓದಿಕೊಳ್ಳಬಹುದು. ಬೇಡವೆಂದು ತನಗೆ ತಿಳಿದ ಮಟ್ಟಿಗೆ ಹೇಳಿದ. ಆಕೆ ಒಪ್ಪಲಿಲ್ಲ. ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆ ಎಂದಷ್ಟೇ ಅವನು ಹೇಳಬಲ್ಲವನಾಗಿದ್ದ. ನಮ್ಮ ಜನರ ಪೂಜೆ ಪುನಸ್ಕಾರಗಳ ಬಗ್ಗೆ ಅವನ ಮಾತುಗಳಲ್ಲಿ ಅಸಹನೆಯಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಆ ಮನೆಯ ಬಾಗಿಲಲ್ಲಿ ಅವನು ಸಾವನ್ನು ನೋಡಲು ಬಂದವನಾಗಿರದೆ, ಮನುಷ್ಯಳೊಬ್ಬಳ ಹೆಸರು ಕೇಳಿದವನಾಗಿದ್ದ. ಹಾದುಹೋಗುವವನು ಒಂದು ಊರಿನ ದುಃಖವನ್ನು ಪರಿಹರಿಸಲಾರ. ಅದನ್ನು ದೃಶ್ಯವನ್ನಾಗಿ ಮಾಡಿಕೊಳ್ಳದಿರುವುದಂತೂ ಅವನ ಕೈಯಲ್ಲಿದೆ.

ಹಾಗಾದರೆ ನಿಮ್ಮ ಹಾಳೆಯಿಂದ ಏನನ್ನು ಹೊಡೆದು ಹಾಕಬೇಕು? ಯೋಜನೆಯ ನೈತಿಕ ಭಾಗ ಇರುವುದು ಇಲ್ಲಿಯೇ, ಸೇರಿಸುವುದರಲ್ಲಿ ಅಲ್ಲ. ನಿಮ್ಮ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ತಾಯಿ. ಅವರ ನಡಿಗೆಯನ್ನು ಅಳತೆಗೋಲು ಮಾಡಿಕೊಂಡರೆ ಪಟ್ಟಿ ತಾನಾಗಿಯೇ ಅರ್ಧವಾಗುತ್ತದೆ. "ಅಮ್ಮ ಹೋಟೆಲಿನಲ್ಲೇ ಇರಲಿ" ಎಂಬ ಮಾತು ಎರಡನೆಯ ದಿನ ಬಾಯಿಗೆ ಬರುವುದನ್ನು ಊಟದ ಮೇಜಿನ ಮೇಲೆಯೇ ತಡೆಯಬಹುದು. ರೋಮಿನಲ್ಲಿ ಸುಮಾರು 2,500 ಸಾರ್ವಜನಿಕ ಕುಡಿಯುವ ನೀರಿನ ನಲ್ಲಿಗಳು ಬೀದಿಬದಿಯಲ್ಲಿ ಸದಾ ಹರಿಯುತ್ತಿರುತ್ತವೆ. ಅಂಥದೊಂದರ ಬಳಿ ಅವರು ಕುಳಿತು ಬೀದಿಯನ್ನು ನೋಡುವ ಹೊತ್ತನ್ನೂ ಯೋಜನೆಯಲ್ಲಿ ಬರೆಯಿರಿ. (ನೀರಿಗಾಗಿ ಟ್ಯಾಂಕರಿನ ದಾರಿ ಕಾಯುವ ನಮಗೆ ಅದೂ ಒಂದು ನೋಡುವ ಸ್ಥಳವೇ.)

ಇದು ಹೊಸ ವಿಚಾರವೂ ಅಲ್ಲ. ಹದಿನಾರನೆಯ ಶತಮಾನದಲ್ಲಿ ಸಂತ ಫಿಲಿಪ್ ನೇರಿಯವರು ರೋಮಿನ ಏಳು ದೇವಾಲಯಗಳ ದರ್ಶನವನ್ನು ರೂಢಿಗೆ ತಂದರು. ಇಪ್ಪತ್ತು ಕಿಲೋಮೀಟರಿಗೂ ಮೀರಿದ ಕಾಲ್ನಡಿಗೆ. ಆದರೆ ಅವರ ಯೋಜನೆಯಲ್ಲಿ ನಡುವೆ ಒಂದು ತೋಟವಿತ್ತು. ಅಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕುಳಿತು ರೊಟ್ಟಿ, ಮೊಟ್ಟೆ, ಗಿಣ್ಣು ಹಂಚಿಕೊಂಡು ಉಂಡು, ಹಾಡು ಕೇಳಿ ಮುಂದೆ ಸಾಗುತ್ತಿದ್ದರು. ಒಂಬೈನೂರಕ್ಕೂ ಹೆಚ್ಚು ದೇವಾಲಯಗಳಿರುವ ನಗರದಲ್ಲಿ ಏಳು ಸಾಕೆಂದವರು ಊಟಕ್ಕೆ ಸಮಯ ಬಿಟ್ಟರು.

ನಾವು ಯಾರ ಊರಿಗೆ ಹೋಗುತ್ತಿದ್ದೇವೆ ಎಂಬುದನ್ನೂ ನೆನೆಯಬೇಕು. ರೋಮಿನ ಹಳೆಯ ಕೇಂದ್ರ ಭಾಗದಲ್ಲಿ ಮನೆಗಳು ಪ್ರವಾಸಿಗರ ತಂಗುದಾಣಗಳಾಗಿ, ಅಲ್ಲಿಯೇ ಹುಟ್ಟಿ ಬೆಳೆದವರು ಹೊರವಲಯಕ್ಕೆ ಸರಿಯುತ್ತಿದ್ದಾರೆ. ರಾಗಿಹೊಲ, ದ್ರಾಕ್ಷಿತೋಟಗಳು ಬಡಾವಣೆಗಳಾದುದನ್ನು ಕಣ್ಣೆದುರು ಕಂಡ ಉತ್ತರ ಬೆಂಗಳೂರಿನವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಮಧ್ಯರಾತ್ರಿ ಕಲ್ಲುಹಾಸಿನ ಮೇಲೆ ಚಕ್ರದ ಪೆಟ್ಟಿಗೆಗಳನ್ನು ಗಡಗಡ ಎಳೆದೊಯ್ಯುವ ನಾವು ಮಲಗಿರುವ ಯಾರದೋ ಕಿಟಕಿಯ ಕೆಳಗೆ ಹೋಗುತ್ತಿರುತ್ತೇವೆ.

ಸಂತ ಜೆರೋಮರು ಪೌಲಿನುಸರಿಗೆ ಬರೆದ ಪತ್ರದಲ್ಲಿ, ಜೆರುಸಲೇಮಿನಲ್ಲಿ ಇದ್ದೆ ಎಂಬುದಕ್ಕಿಂತ ಅಲ್ಲಿ ಒಳ್ಳೆಯ ಬಾಳು ಬಾಳಿದೆ ಎಂಬುದೇ ಹೊಗಳಿಕೆಗೆ ಅರ್ಹವೆಂದೂ, ಸ್ವರ್ಗದ ಬಾಗಿಲು ಜೆರುಸಲೇಮಿನಿಂದಲೂ ದೂರದ ಬ್ರಿಟನ್ನಿನಿಂದಲೂ ಸಮಾನವಾಗಿ ತೆರೆದಿದೆಯೆಂದೂ ತಿಳಿಸಿದ್ದಾರೆ. ಹಾಗೆ ಬರೆದವರು ಸ್ವತಃ ಬೆತ್ಲೆಹೇಮಿನಲ್ಲಿ ನೆಲೆಸಿದ್ದರು ಎಂಬುದನ್ನೂ ಮರೆಯಬಾರದು! ಹೋಗಬೇಡಿ ಎನ್ನಲು ಈ ಮಾತನ್ನು ಬಳಸುವಂತಿಲ್ಲ. ಹೋದುದನ್ನೇ ಹಿರಿಮೆಯಾಗಿ ಹೇಳಿಕೊಳ್ಳುವ ಮುನ್ನ ಒಮ್ಮೆ ನೆನೆಯಬಹುದು. ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆಗೆ ಹೊರಟರೆ ಸಿಗುವ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ವೀರಗಲ್ಲೊಂದಿದೆ. ಗಂಗರ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಅದು ಬೆಳಕಿಗೆ ಬಂದದ್ದು 2018ರಲ್ಲಿ. ನೀವು ರೋಮಿನಲ್ಲಿ ನೋಡಲಿರುವ ಸಂತ ಪೇತ್ರರ ಮಹಾದೇವಾಲಯ ಪ್ರತಿಷ್ಠಾಪನೆಯಾದದ್ದು 1626ರಲ್ಲಿ, ಅಂದರೆ ಈ ಕಲ್ಲು ನಿಂತು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ವೀಸಾ ಬರುವವರೆಗಿನ ವಾರಗಳಲ್ಲಿ ಒಂದು ಸಂಜೆ ಮಗಳನ್ನು ಕರೆದುಕೊಂಡು ಆ ಕಲ್ಲಿನ ಮುಂದೆ ನಿಲ್ಲುವುದು ರೋಮ್ ಯಾತ್ರೆಯ ಸಿದ್ಧತೆಗೆ ಹೊರತಾದದ್ದೇನೂ ಅಲ್ಲ. ಅದಕ್ಕೆ ವಿಮೆ ಬೇಡ.

ಅದೇ 1626ರಲ್ಲಿ ದೆಲ್ಲ ವಲ್ಲೆಯೂ ರೋಮಿಗೆ ಮರಳಿದ. ಪರ್ಷಿಯಾದಲ್ಲಿ ತೀರಿಹೋದ ಹೆಂಡತಿ ಮಾನಿಯ ಪಾರ್ಥಿವ ಶರೀರವನ್ನು ಅವನು ಆ ದೀರ್ಘ ದಾರಿಯಲ್ಲಿ ಜೊತೆಗೆ ಒಯ್ದಿದ್ದ. 1627ರಲ್ಲಿ ಅದನ್ನು ಆರಾಚೇಲಿಯ ಸಂತ ಮರಿಯಮ್ಮನವರ ದೇವಾಲಯದಲ್ಲಿ ಭೂಸ್ಥಾಪನೆ ಮಾಡಿದ. 1652ರಲ್ಲಿ ಅವನೂ ಅಲ್ಲಿಯೇ ಮಣ್ಣಾದ. ಕೊಲೋಸಿಯಮ್ಮಿನಿಂದ ದೂರವಲ್ಲದ ಆ ದೇವಾಲಯ ಸಾಮಾನ್ಯವಾಗಿ ಮೂರು ದಿನದ ಪಟ್ಟಿಗಳಲ್ಲಿ ಬರುವುದಿಲ್ಲ. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ. ಹೊಡೆದು ಹಾಕಿದ ಹೆಸರುಗಳ ಜಾಗದಲ್ಲಿ ಬೇಕಾದರೆ ಅದನ್ನು ಬರೆದುಕೊಳ್ಳಿ. ಮುಂಭಾಗದಿಂದ ಹೋದರೆ 1348ರಲ್ಲಿ ಕಟ್ಟಿದ 124 ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕು. ತಾಯಿಯವರಿಗೆ ಅದು ಬೇಡ. ಪಕ್ಕದ ಕಾಪಿತೋಲ್ ಚೌಕದ ಕಡೆಯಿಂದ ಇನ್ನೊಂದು ಬಾಗಿಲಿದೆ. ಆ ಕಡೆ ಮೆಟ್ಟಿಲು ಕಡಿಮೆ.